ಒಂಬತ್ತನೇ ತಿಂಗಳ ಸ್ವಾಬ್ ಪರೀಕ್ಷೆ: ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್‌ನಿಂದ ನವಜಾತ ಶಿಶುವನ್ನು ಕಾಯುವ ಕ್ರಮ

ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಅನೇಕ ಆರೋಗ್ಯವಂತ ಹೆಂಗಸರ ಕರುಳಿನಲ್ಲಿಯೂ ಯೋನಿಯಲ್ಲಿಯೂ ಯಾವ ತೊಂದರೆಯನ್ನೂ ಕೊಡದೆ ನೆಲೆಸಿರುತ್ತದೆ. ಅದು ಇದೆ ಎಂದು ತಿಳಿಸುವ ತುರಿಕೆ, ಉರಿ, ಜ್ವರ ಯಾವುದೂ ಇರುವುದಿಲ್ಲ. ಇದು ಲೈಂಗಿಕ ಸಂಪರ್ಕದಿಂದ ಹರಡುವ ರೋಗಗಳ ಸಾಲಿಗೆ ಸೇರಿದ್ದಲ್ಲ, ಅಶುಚಿಯ ಗುರುತೂ ಅಲ್ಲ. ಇಂದು ಇದ್ದದ್ದು ಎರಡು ತಿಂಗಳ ಬಳಿಕ ಇಲ್ಲದೆ ಹೋಗಬಹುದು, ಮತ್ತೆ ಬರಲೂಬಹುದು. ತಾಯಿಯ ಮಟ್ಟಿಗೆ ನಿರುಪದ್ರವಿಯಂತೆ ಕಾಣುವ ಈ ಜೀವಿ, ನೀರಿನ ಚೀಲ ಒಡೆದ ಮೇಲೆ ಗರ್ಭಕೋಶದೊಳಕ್ಕೆ ಏರಿದರೆ ಅಥವಾ ಮಗು ಹೊರಬರುವಾಗ ಅದರ ಮೂಗು ಬಾಯಿಗಳನ್ನು ಸೇರಿದರೆ, ಹುಟ್ಟಿದ ಕೆಲವೇ ಗಂಟೆಗಳಲ್ಲಿ ರಕ್ತದ ನಂಜು, ನ್ಯುಮೋನಿಯಾ ಅಥವಾ ಮಿದುಳುಪೊರೆಯ ಉರಿಯೂತವನ್ನು ಉಂಟುಮಾಡಬಲ್ಲದು.

ಅಪಾಯದ ಪ್ರಮಾಣವನ್ನು ಸರಿಯಾಗಿ ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ವರದಿಯಲ್ಲಿ ‘ಪಾಸಿಟಿವ್’ ಎಂದು ಕಂಡೊಡನೆ ಮನೆಮಂದಿಯೆಲ್ಲ ಗಾಬರಿಯಾಗುವುದುಂಟು. ಬ್ಯಾಕ್ಟೀರಿಯಾ ಇರುವ ತಾಯಂದಿರಿಗೆ ಹೆರಿಗೆಯ ವೇಳೆ ಅದನ್ನು ಹತ್ತಿಕ್ಕುವ ಔಷಧ (ಆಂಟಿಬಯಾಟಿಕ್) ಕೊಡದಿದ್ದರೆ ಸುಮಾರು ಅರ್ಧದಷ್ಟು ಮಕ್ಕಳಿಗೆ ಅದು ದಾಟುತ್ತದೆ, ಹಾಗೆ ದಾಟಿದ ನೂರು ಮಕ್ಕಳಲ್ಲಿ ಒಂದೋ ಎರಡೋ ಮಗು ಮೊದಲ ವಾರದಲ್ಲಿ ಕಾಯಿಲೆ ಬೀಳುತ್ತದೆ. ಸಂಖ್ಯೆ ಸಣ್ಣದು, ಆದರೆ ಕಾಯಿಲೆ ಬಿದ್ದ ಮಗುವಿನ ಸ್ಥಿತಿ ಬಲುಬೇಗ ಕೈಮೀರುತ್ತದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಲಂಡನ್ನಿನ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್ ಶಾಲೆ ಪ್ರಕಟಿಸಿದ ವರದಿಯು, ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 2 ಕೋಟಿ ಗರ್ಭಿಣಿಯರಲ್ಲಿ ಈ ಬ್ಯಾಕ್ಟೀರಿಯಾ ಇರುತ್ತದೆ ಎಂದೂ, ಇದರಿಂದ 1 ಲಕ್ಷದ ಹತ್ತಿರ ಶಿಶುಗಳು ಸಾಯುತ್ತವೆ ಎಂದೂ ಅಂದಾಜು ಮಾಡಿತು.

ಅಮೆರಿಕದಲ್ಲಿ 1996ರಲ್ಲಿ ತಡೆಗಟ್ಟುವ ಮಾರ್ಗಸೂಚಿ ಹೊರಬಂತು. 2002ರಿಂದ ಪ್ರತಿಯೊಬ್ಬ ಗರ್ಭಿಣಿಯನ್ನೂ ಪರೀಕ್ಷಿಸಬೇಕೆಂಬ ನಿಯಮ ಬಂದಿತು. 1990ರ ದಶಕದ ಆರಂಭದಲ್ಲಿ ಅಲ್ಲಿ ಸಾವಿರ ಜನನಕ್ಕೆ 1.8ರ ಆಸುಪಾಸಿನಲ್ಲಿದ್ದ ಮೊದಲ ವಾರದ ಕಾಯಿಲೆ ಈಗ 0.2ರ ಸಮೀಪಕ್ಕೆ ಇಳಿದಿದೆ. ಬ್ರಿಟನ್ ಎಲ್ಲರನ್ನೂ ಪರೀಕ್ಷಿಸದೆ, ಅಪಾಯದ ಲಕ್ಷಣಗಳಿರುವವರಿಗೆ ಮಾತ್ರ ಔಷಧ ಕೊಡುವ ದಾರಿ ಹಿಡಿಯಿತು. ಭಾರತದಲ್ಲಿ ಎಲ್ಲ ಗರ್ಭಿಣಿಯರಿಗೂ ಈ ಪರೀಕ್ಷೆ ಮಾಡುವ ರಾಷ್ಟ್ರೀಯ ಕಾರ್ಯಕ್ರಮವಿಲ್ಲ. ನಮ್ಮ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ನಂಜಿಗೆ ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್, ಇ. ಕೋಲಿಯಂಥ ಬೇರೆ ಬ್ಯಾಕ್ಟೀರಿಯಾಗಳೇ ಹೆಚ್ಚು ಕಾರಣವಾಗಿರುವುದರಿಂದ ಎಲ್ಲರನ್ನೂ ಪರೀಕ್ಷಿಸುವ ವಾದಕ್ಕೆ ಇಲ್ಲಿ ಅಷ್ಟು ಬಲ ಬಂದಿಲ್ಲ. ಆದರೆ ಖಾಸಗಿ ಆಸ್ಪತ್ರೆಗಳಲ್ಲಿ ತೋರಿಸುವವರಿಗೂ, ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗುವ ತಂದೆತಾಯಿಯರಿಗೂ ಈ ಹೆಸರು ಕಿವಿಗೆ ಬಿದ್ದೇ ಬೀಳುತ್ತದೆ. ಕೆಳಗಿನ ಕ್ರಮ ಅಮೆರಿಕದ ಪ್ರಸೂತಿ ತಜ್ಞರ ಸಂಘದ ಮಾರ್ಗಸೂಚಿಯನ್ನು ಅನುಸರಿಸಿದೆ.

ಪರೀಕ್ಷೆಯೇ ಬೇಕಿಲ್ಲದವರು

ಇಬ್ಬಗೆಯ ಗರ್ಭಿಣಿಯರಿಗೆ ಸ್ವಾಬ್ ತೆಗೆಯುವ, ಅಂದರೆ ಹತ್ತಿ ಸುತ್ತಿದ ಕಡ್ಡಿಯಿಂದ ಪರೀಕ್ಷೆಗೆ ಮಾದರಿ ತೆಗೆಯುವ, ಅಗತ್ಯವಿಲ್ಲ, ಅವರಿಗೆ ಹೆರಿಗೆಯ ವೇಳೆ ನೇರವಾಗಿ ಔಷಧ ಕೊಡಬೇಕು. ಈ ಬಸಿರಿನಲ್ಲಿ ಯಾವಾಗಲಾದರೂ ಮಾಡಿದ ಮೂತ್ರದ ಕಲ್ಚರ್‌ನಲ್ಲಿ (ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆಯಲ್ಲಿ) ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಕಂಡವರು ಮೊದಲನೆಯ ಬಗೆ. ಹಿಂದಿನ ಮಗುವಿಗೆ ಇದೇ ಬ್ಯಾಕ್ಟೀರಿಯಾದಿಂದ ಕಾಯಿಲೆ ಬಂದಿದ್ದವರು ಎರಡನೆಯ ಬಗೆ. ಆದ್ದರಿಂದ ಮೂರನೆಯ ತಿಂಗಳಲ್ಲಿ ಮಾಡಿಸಿದ ಮೂತ್ರ ಪರೀಕ್ಷೆಯ ಹಳೆಯ ಚೀಟಿಯನ್ನೂ ಫೈಲಿನಿಂದ ತೆಗೆದು ಎಸೆಯಬಾರದು.

ದಿನ ಗೊತ್ತುಮಾಡುವುದು

ಸ್ವಾಬ್ ತೆಗೆಯಲು ಸರಿಯಾದ ಕಾಲ 36 ವಾರ ತುಂಬಿದ ದಿನದಿಂದ 37 ವಾರ 6 ದಿನಗಳವರೆಗೆ, ಅಂದರೆ ಮನೆಯ ಲೆಕ್ಕದಲ್ಲಿ ಎಂಟು ತುಂಬಿ ಒಂಬತ್ತಕ್ಕೆ ಬಿದ್ದ ಹೊಸದರಲ್ಲಿ. ವೈದ್ಯರು ಕೊಟ್ಟ ಹೆರಿಗೆಯ ದಿನಾಂಕದಿಂದ 28 ದಿನ ಹಿಂದಕ್ಕೆ ಎಣಿಸಿದರೆ 36 ವಾರ ತುಂಬುವ ದಿನ ಸಿಗುತ್ತದೆ. ಇಷ್ಟು ನಿಖರವಾದ ಅವಧಿ ಏಕೆಂದರೆ, ಬ್ಯಾಕ್ಟೀರಿಯಾ ಬಂದುಹೋಗುವ ಸ್ವಭಾವದ್ದಾದ ಕಾರಣ ಒಂದು ವರದಿಯನ್ನು ಸುಮಾರು 5 ವಾರಗಳವರೆಗೆ ಮಾತ್ರ ನಂಬಬಹುದು. ಮೊದಲು 35ನೇ ವಾರದಿಂದಲೇ ತೆಗೆಯುತ್ತಿದ್ದ ಸ್ವಾಬನ್ನು 2019ರಲ್ಲಿ ಒಂದು ವಾರ ಮುಂದಕ್ಕೆ ಹಾಕಿದ್ದು, ದಿನ ಮೀರಿ 41ನೇ ವಾರಕ್ಕೆ ಹೆರುವವರಿಗೂ ವರದಿ ಅನ್ವಯಿಸಲಿ ಎಂಬ ಉದ್ದೇಶದಿಂದ. ಐದನೇ ತಿಂಗಳಲ್ಲಿ ಮಾಡಿಸಿದ ಸ್ವಾಬ್ ಹೆರಿಗೆಯ ದಿನದ ಸ್ಥಿತಿಯನ್ನು ಹೇಳಲಾರದು. ಅದಕ್ಕೆ ಹಣ ಖರ್ಚು ಮಾಡುವುದು ವ್ಯರ್ಥ.

ಸಿಸೇರಿಯನ್‌ಗೆ ದಿನ ನಿಗದಿಯಾಗಿರುವವರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ನೋವು ಬರುವ ಮೊದಲೇ, ನೀರಿನ ಚೀಲ ಒಡೆಯದೆ ಶಸ್ತ್ರಚಿಕಿತ್ಸೆ ನಡೆದರೆ ಈ ಬ್ಯಾಕ್ಟೀರಿಯಾಕ್ಕೆಂದು ಪ್ರತ್ಯೇಕ ಔಷಧ ಬೇಕಾಗುವುದಿಲ್ಲ ಎಂಬುದು ನಿಜ, ಆದರೆ ನಿಗದಿಯಾದ ದಿನಕ್ಕಿಂತ ಮೊದಲೇ ನೋವು ಶುರುವಾಗುವುದಿಲ್ಲ ಎಂದು ಯಾರೂ ಖಾತ್ರಿ ಕೊಡಲಾರರು.

ಸ್ವಾಬ್ ತೆಗೆಯುವುದು

ಹೆಚ್ಚಿನ ತಪ್ಪುಗಳಾಗುವುದು ಇಲ್ಲಿ. ಹತ್ತಿ ಸುತ್ತಿದ ಕಡ್ಡಿಯಂಥ ಸ್ವಾಬನ್ನು ಮೊದಲು ಯೋನಿಯ ಕೆಳಭಾಗದಲ್ಲಿ, ಸುಮಾರು 2 ಸೆಂಟಿಮೀಟರ್ ಒಳಗೆ ಇಟ್ಟು ತಿರುಗಿಸಬೇಕು. ಬಳಿಕ ಅದೇ ಸ್ವಾಬನ್ನು ಅಥವಾ ಇನ್ನೊಂದನ್ನು ಗುದದ್ವಾರದ ಬಿಗಿಯುಂಗುರವನ್ನು ದಾಟಿಸಿ ಸ್ವಲ್ಪ ಒಳಗೆ ತಿರುಗಿಸಬೇಕು. ಈ ಅನುಕ್ರಮವನ್ನು ಹಿಂದುಮುಂದು ಮಾಡಬಾರದು. ಯೋನಿಯನ್ನು ಅಗಲಿಸಿ ನೋಡುವ ಸ್ಪೆಕ್ಯುಲಮ್ ಎಂಬ ಉಪಕರಣವನ್ನು ಹಾಕುವ ಅಗತ್ಯವಿಲ್ಲ, ಗರ್ಭಕೋಶದ ಬಾಯಿಯಿಂದ ಮಾದರಿ ತೆಗೆಯುವುದು ಸರಿಯಾದ ವಿಧಾನವೇ ಅಲ್ಲ. ಬ್ಯಾಕ್ಟೀರಿಯಾದ ಮೂಲ ನೆಲೆ ಕರುಳು. ಮುಜುಗರಕ್ಕೆ ಅಂಜಿ ಗುದದ ಮಾದರಿಯನ್ನು ಬಿಟ್ಟರೆ, ಇರುವ ಬ್ಯಾಕ್ಟೀರಿಯಾವೇ ‘ಇಲ್ಲ’ ಎಂಬ ವರದಿ ಬರುವ ಸಾಧ್ಯತೆ ಹೆಚ್ಚುತ್ತದೆ. ಬೇರೊಬ್ಬರ ಕೈಯಿಂದ ಬೇಡ ಎನ್ನುವ ಗರ್ಭಿಣಿಗೆ ಕ್ರಮವನ್ನು ವಿವರಿಸಿ ಹೇಳಿದರೆ ತಾನೇ ಬಾತ್‌ರೂಮಿನಲ್ಲಿ ಮಾದರಿ ತೆಗೆದುಕೊಳ್ಳಬಹುದು, ಹಾಗೆ ತೆಗೆದದ್ದೂ ಒಪ್ಪಿಗೆಯಾಗುತ್ತದೆ. ನಮ್ಮ ಕಡೆಯ ಆಸ್ಪತ್ರೆಗಳು ಈ ಆಯ್ಕೆಯನ್ನು ತಾವಾಗಿಯೇ ಹೇಳಿದರೆ ಎಷ್ಟೋ ಹೆಂಗಸರ ಸಂಕೋಚ ಕಡಿಮೆಯಾದೀತು.

ಪೆನಿಸಿಲಿನ್ ಅಲರ್ಜಿ ಇರುವವರು ಅದನ್ನು ಈ ಹಂತದಲ್ಲಿಯೇ ಹೇಳಬೇಕು, ಲ್ಯಾಬ್‌ಗೆ ಹೋಗುವ ಫಾರಮ್ಮಿನ ಮೇಲೆ ಅದನ್ನು ಬರೆಸಬೇಕು. ಹಾಗೆ ಬರೆದಿದ್ದರೆ ಮಾತ್ರ ಲ್ಯಾಬಿನವರು ಕ್ಲಿಂಡಾಮೈಸಿನ್ ಔಷಧಕ್ಕೆ ಬ್ಯಾಕ್ಟೀರಿಯಾ ಬಗ್ಗುತ್ತದೆಯೇ ಎಂದು ನೋಡಲು ಸಾಧ್ಯ. ಹೆರಿಗೆ ನೋವು ಶುರುವಾದ ಮೇಲೆ ನೆನಪಾದರೆ ಆ ಪರೀಕ್ಷೆಗೆ ಸಮಯವಿರುವುದಿಲ್ಲ.

ಲ್ಯಾಬ್‌ನಲ್ಲಿ

ಮಾದರಿಯನ್ನು ಸಾಗಣೆ ದ್ರಾವಣವಿರುವ ಟ್ಯೂಬಿನಲ್ಲಿ ಹಾಕಿ ಒಂದು ದಿನದೊಳಗೆ ಲ್ಯಾಬಿಗೆ ತಲುಪಿಸುವುದು ಒಳ್ಳೆಯದು. ಅಲ್ಲಿ ಅದನ್ನು ನೇರವಾಗಿ ತಟ್ಟೆಯ ಮೇಲೆ ಎಳೆಯದೆ, ಇತರ ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕುವ ವಿಶೇಷ ದ್ರವದಲ್ಲಿ 18ರಿಂದ 24 ಗಂಟೆ ಬೆಳೆಸಬೇಕು. ಆಮೇಲೆ ಬ್ಯಾಕ್ಟೀರಿಯಾ ಬೆಳೆಸಲು ಬಳಸುವ, ರಕ್ತ ಬೆರೆಸಿದ ಬ್ಲಡ್ ಅಗಾರ್ ತಟ್ಟೆಗೆ ವರ್ಗಾಯಿಸಿ ಗುರುತಿಸಬೇಕು. ಈ ದ್ರವದ ಹಂತವನ್ನು ಬಿಟ್ಟ ಲ್ಯಾಬಿನ ‘ನೆಗೆಟಿವ್’ ವರದಿಗೆ ಹೆಚ್ಚು ಬೆಲೆಯಿಲ್ಲ. ವರದಿಗೆ ಎರಡು ಮೂರು ದಿನ ಹಿಡಿಯುತ್ತದೆ.

ವರದಿ ಬಂದ ಮೇಲೆ

ಪಾಸಿಟಿವ್ ಬಂದೊಡನೆ ಮಾತ್ರೆ ಕೊಡಿ ಎಂದು ಕೇಳುವವರಿದ್ದಾರೆ, ಬರೆದುಕೊಡುವವರೂ ಇಲ್ಲದಿಲ್ಲ. ಇದರಿಂದ ಪ್ರಯೋಜನವಿಲ್ಲ. ಒಂಬತ್ತನೇ ತಿಂಗಳಲ್ಲಿ ನುಂಗಿದ ಮಾತ್ರೆಗೆ ಯೋನಿಯಿಂದ ಮರೆಯಾದ ಬ್ಯಾಕ್ಟೀರಿಯಾ ಹೆರಿಗೆಯ ಹೊತ್ತಿಗೆ ಕರುಳಿನಿಂದ ಮರಳಿ ಬಂದಿರುತ್ತದೆ. ಮೂತ್ರದ ಸೋಂಕು ಇದ್ದರೆ ಅದಕ್ಕೆ ಆಗಲೇ ಚಿಕಿತ್ಸೆ ಬೇಕು, ಅದು ಬೇರೆ ವಿಷಯ. ಹಾಗೆ ಚಿಕಿತ್ಸೆ ಪಡೆದವರಿಗೂ ಹೆರಿಗೆಯ ವೇಳೆಯ ಔಷಧ ತಪ್ಪುವುದಿಲ್ಲ.

ಪಾಸಿಟಿವ್ ಬಂದವರು ಮಾಡಬೇಕಾದ ಕೆಲಸ, ಆ ಮಾತು ಹೆರಿಗೆ ಕೋಣೆಯವರೆಗೆ ತಲುಪುವಂತೆ ನೋಡಿಕೊಳ್ಳುವುದು. ತವರಿಗೆ ಹೋಗಿ ಹೆರುವ ನಮ್ಮ ಪದ್ಧತಿಯಲ್ಲಿ ಬೆಂಗಳೂರಿನಲ್ಲಿ ತೆಗೆದ ಸ್ವಾಬಿನ ವರದಿ ಬೆಂಗಳೂರಿನ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಉಳಿದು, ಹೆರಿಗೆ ಶಿವಮೊಗ್ಗದಲ್ಲೋ ಹಾವೇರಿಯಲ್ಲೋ ಆಗುತ್ತದೆ. ನೋವು ತಿನ್ನುತ್ತಿರುವ ಗರ್ಭಿಣಿ ಅದನ್ನು ನೆನಪಿಟ್ಟು ಹೇಳಲಿ ಎಂದು ನಿರೀಕ್ಷಿಸುವುದು ಸರಿಯಲ್ಲ. ವರದಿಯ ಪ್ರತಿಯನ್ನು ತಾಯಿ ಕಾರ್ಡಿನ ಜೊತೆಗಿಟ್ಟು, ಕಾರ್ಡಿನ ಮೇಲೆಯೇ ದಿನಾಂಕ ಸಮೇತ ಬರೆಸಿ, ಫೋಟೊ ತೆಗೆದು ಜೊತೆಗೆ ಬರುವ ಗಂಡನ ಅಥವಾ ತಾಯಿಯ ಫೋನಿನಲ್ಲಿ ಇಡಬೇಕು. ಎಷ್ಟೇ ಚೆನ್ನಾಗಿ ನಡೆದ ಪರೀಕ್ಷೆಯಾದರೂ ಆ ಕಾಗದ ಲೇಬರ್ ವಾರ್ಡಿನ ನರ್ಸಿನ ಕೈ ಸೇರದಿದ್ದರೆ ಮಗುವಿನ ಪಾಲಿಗೆ ನಡೆಯದ ಪರೀಕ್ಷೆಯೇ.

ಹೆರಿಗೆಯ ವೇಳೆ

ನಿಯತವಾಗಿ ನೋವು ಶುರುವಾದಾಗ, ಇಲ್ಲವೆ ನೀರು ಹೋದಾಗ, ನೋವು ಹೆಚ್ಚಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು. ಔಷಧ ಆರಂಭವಾಗಿ ಕನಿಷ್ಠ 4 ಗಂಟೆ ಕಳೆದ ಮೇಲೆ ಹೆರಿಗೆಯಾದರೆ ರಕ್ಷಣೆ ಸಮರ್ಪಕವೆನ್ನಿಸುತ್ತದೆ. ರಕ್ತನಾಳದ ಮೂಲಕ ಪೆನಿಸಿಲಿನ್ ಜಿ ಮೊದಲು 50 ಲಕ್ಷ ಯೂನಿಟ್, ಆಮೇಲೆ ಹೆರಿಗೆಯಾಗುವವರೆಗೆ 4 ಗಂಟೆಗೊಮ್ಮೆ 25ರಿಂದ 30 ಲಕ್ಷ ಯೂನಿಟ್ ಕೊಡುತ್ತಾರೆ. ಅದರ ಬದಲು ಆಂಪಿಸಿಲಿನ್ ಮೊದಲು 2 ಗ್ರಾಂ, ನಂತರ 4 ಗಂಟೆಗೊಮ್ಮೆ 1 ಗ್ರಾಂ ಕೊಡುವುದೂ ಇದೆ. ಪೆನಿಸಿಲಿನ್‌ಗೆ ಸಣ್ಣ ಗಂಧೆಯಷ್ಟೇ ಎದ್ದಿದ್ದವರಿಗೆ ಸೆಫಜೋಲಿನ್ ಕೊಡಬಹುದು. ಉಸಿರುಕಟ್ಟುವಿಕೆ, ರಕ್ತದೊತ್ತಡದ ಕುಸಿತದಂಥ ತೀವ್ರ ಅಲರ್ಜಿಯಾಗಿದ್ದವರಿಗೆ, ಲ್ಯಾಬಿನ ವರದಿಯನ್ನು ನೋಡಿ ಕ್ಲಿಂಡಾಮೈಸಿನ್ ಅಥವಾ ವ್ಯಾಂಕೊಮೈಸಿನ್ ಆರಿಸುತ್ತಾರೆ. 4 ಗಂಟೆ ತುಂಬಲಿ ಎಂದು ಹೆರಿಗೆಯನ್ನಾಗಲಿ, ತುರ್ತು ಶಸ್ತ್ರಚಿಕಿತ್ಸೆಯನ್ನಾಗಲಿ ತಡೆದು ನಿಲ್ಲಿಸುವುದಿಲ್ಲ.

ಪರೀಕ್ಷೆಯೇ ಆಗದಿದ್ದರೆ ಮೂರು ಪ್ರಶ್ನೆಗಳು ಮುಖ್ಯವಾಗುತ್ತವೆ: 37 ವಾರ ತುಂಬುವ ಮೊದಲೇ ಹೆರಿಗೆಯಾಗುತ್ತಿದೆಯೇ, ನೀರು ಹೋಗಿ 18 ಗಂಟೆ ಮೀರಿದೆಯೇ, ತಾಯಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಜ್ವರವಿದೆಯೇ. ಒಂದಕ್ಕೆ ಹೌದು ಎಂಬ ಉತ್ತರ ಬಂದರೂ ಔಷಧ ಆರಂಭಿಸುತ್ತಾರೆ. ನೀರು ಹೋದ ಗಂಟೆಯನ್ನು ಗೋಡೆ ಗಡಿಯಾರ ನೋಡಿ ಬರೆದಿಟ್ಟುಕೊಳ್ಳುವ ಅಭ್ಯಾಸ ಇಲ್ಲಿ ನೆರವಾಗುತ್ತದೆ. ‘ರಾತ್ರಿ ಯಾವಾಗಲೋ’ ಎಂಬ ಉತ್ತರದಿಂದ ವೈದ್ಯರಿಗೆ ಏನೂ ತಿಳಿಯುವುದಿಲ್ಲ.

ಮಗು ಹುಟ್ಟಿದ ಮೇಲೆ

ಮೊದಲ ವಾರದ ಕಾಯಿಲೆಯ ಲಕ್ಷಣಗಳು ಬಹುಪಾಲು ಮಕ್ಕಳಲ್ಲಿ 24 ಗಂಟೆಯೊಳಗೇ ತೋರುತ್ತವೆ. ಔಷಧ ತಡವಾಗಿ ಸಿಕ್ಕ ತಾಯಿಯ ಮಗು ಚೆನ್ನಾಗಿಯೇ ಕಂಡರೂ ಅದನ್ನು 36ರಿಂದ 48 ಗಂಟೆ ಆಸ್ಪತ್ರೆಯಲ್ಲಿ ಗಮನಿಸುವುದು ರೂಢಿ. ಆದ್ದರಿಂದ ಮರುದಿನವೇ ಡಿಸ್ಚಾರ್ಜ್ ಮಾಡಿ ಎಂದು ಒತ್ತಾಯಿಸಬಾರದು. ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರಾಟ, ಉಸಿರಾಡುವಾಗ ನರಳುವ ಸದ್ದು, ಮೈ ತಣ್ಣಗಾಗುವುದು ಅಥವಾ ಜ್ವರ ಬರುವುದು, ಮೈ ನೀಲಿಗಟ್ಟುವುದು ಅಥವಾ ಬಿಳಿಚಿಕೊಳ್ಳುವುದು, ಕೈಕಾಲು ಜೋತುಬೀಳುವುದು, ಹಾಲು ಕುಡಿಯುತ್ತಿದ್ದ ಮಗು ಬಾಯಿ ತೆರೆಯದಿರುವುದು: ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ಮಕ್ಕಳ ವೈದ್ಯರಿಗೆ ತೋರಿಸಬೇಕು. ದೃಷ್ಟಿ ತೆಗೆದು ಸಂಜೆಯವರೆಗೆ ನೋಡೋಣ ಎನ್ನುವಷ್ಟು ಸಮಯವನ್ನು ಈ ಕಾಯಿಲೆ ಕೊಡುವುದಿಲ್ಲ. ಪಾಸಿಟಿವ್ ಆದ ತಾಯಿ ಎದೆಹಾಲು ಕೊಡುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಏಳನೇ ದಿನದಿಂದ ಸುಮಾರು ಮೂರು ತಿಂಗಳವರೆಗೆ ಬರಬಹುದಾದ ತಡವಾದ ಕಾಯಿಲೆಯನ್ನು ಹೆರಿಗೆಯ ವೇಳೆಯ ಔಷಧ ತಡೆಯುವುದಿಲ್ಲ, ಮತ್ತು ಸ್ವಾಬ್ ನೆಗೆಟಿವ್ ಇದ್ದ ತಾಯಿಯ ಮಗುವಿಗೂ ಅದು ಬರಬಹುದು. ಇದರಲ್ಲಿ ಮಿದುಳುಪೊರೆಯ ಉರಿಯೂತ ಹೆಚ್ಚು. ಜ್ವರ, ಸಮಾಧಾನವಾಗದ ಕೀರಲು ಅಳು, ನೆತ್ತಿ ಉಬ್ಬುವುದು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್ ಇವು ಅದರ ಗುರುತುಗಳು. ಹೆರಿಗೆಯ ನಂತರ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ಹೆರಿಗೆಯ ವೇಳೆ ಔಷಧ ಪಡೆದಿದ್ದನ್ನು ತಿಳಿಸಿರಬೇಕು. ಲಕ್ಷಣ ಕಂಡಾಗ ಅವರ ಮುಂದಿನ ಭೇಟಿಗೆ ಕಾಯದೆ 108ಕ್ಕೆ ಕರೆ ಮಾಡಿ ನವಜಾತ ಶಿಶುಗಳ ತೀವ್ರ ನಿಗಾ ಘಟಕವಿರುವ ಆಸ್ಪತ್ರೆಗೆ ಹೋಗಬೇಕು.

ಮುಂದಿನ ಬಸಿರಿನಲ್ಲಿ ಹಳೆಯ ವರದಿಯನ್ನೇ ನೆಚ್ಚಿಕೊಳ್ಳದೆ ಹೊಸದಾಗಿ ಸ್ವಾಬ್ ಮಾಡಿಸಬೇಕು. ಹಿಂದೆ ಪಾಸಿಟಿವ್ ಇದ್ದವರಲ್ಲಿ ಮತ್ತೆ ಪಾಸಿಟಿವ್ ಬರುವ ಸಂಭವ ಅರ್ಧದಷ್ಟು. ಹೊಸ ವರದಿ ಕೈಗೆ ಬರುವ ಮೊದಲೇ ನೋವು ಶುರುವಾದರೆ ಹಿಂದಿನ ಬಸಿರಿನ ಸಂಗತಿಯನ್ನು ವೈದ್ಯರಿಗೆ ಹೇಳಬೇಕು. 37 ವಾರ ತುಂಬಿದ ಹೆರಿಗೆಯಾದರೂ ಅದರ ಆಧಾರದ ಮೇಲೆ ಅವರು ಔಷಧ ಕೊಡಲು ನಿರ್ಧರಿಸಬಹುದು.