ಭಾರತ ಮತ್ತು ಇಂಗ್ಲೆಂಡಿನಲ್ಲಿ ಜನನ ಹಾಗೂ ನಿರ್ಜೀವ ಜನನದ ನೋಂದಣಿ ಮಾಡಿಸುವ ಬಗೆ

ಮಗುವಿನ ಜನನವನ್ನು ನೋಂದಾಯಿಸುವ ಹೊಣೆ ಯಾರದು ಎಂಬುದನ್ನು ಎಲ್ಲಕ್ಕಿಂತ ಮೊದಲು ತಿಳಿದುಕೊಳ್ಳಬೇಕು. ಭಾರತದ 1969ರ ಜನನ ಮತ್ತು ಮರಣ ನೋಂದಣಿ ಅಧಿನಿಯಮದ ಪ್ರಕಾರ ಆಸ್ಪತ್ರೆಯಲ್ಲಿ ಹೆರಿಗೆಯಾದರೆ ನೋಂದಣಾಧಿಕಾರಿಗೆ ವರದಿ ಕಳುಹಿಸಬೇಕಾದದ್ದು ಆಸ್ಪತ್ರೆ. ಮನೆಯಲ್ಲಾದರೆ ಆ ಹೊಣೆ ಮನೆಯ ಯಜಮಾನರದು. ಇಂಗ್ಲೆಂಡಿನಲ್ಲಿ ಆಸ್ಪತ್ರೆ ತನ್ನ ದಾಖಲೆಯನ್ನು ತಾನು ಮಾಡಿಕೊಂಡರೂ, ನೋಂದಣಿ ಕಚೇರಿಯಲ್ಲಿ ಸಮಯ ಗೊತ್ತುಮಾಡಿಕೊಂಡು ಖುದ್ದಾಗಿ ಹೋಗಿ ವಿವರ ಕೊಡಬೇಕಾದವರು ತಂದೆ ತಾಯಿ. ಆದ್ದರಿಂದ ನಮ್ಮಿಂದ ಅಲ್ಲಿಗೆ ಕೆಲಸಕ್ಕೆ ಹೋದವರು, ಊರಿನ ರೂಢಿಯಂತೆ, ಆಸ್ಪತ್ರೆಯವರೇ ಕಳುಹಿಸಿರುತ್ತಾರೆ ಎಂದು ಸುಮ್ಮನಿರಬಾರದು. ಗಂಡ ಹೆಂಡತಿಯಾಗಿದ್ದರೆ ಒಬ್ಬರು ಹೋದರೂ ಸಾಕು. ಮದುವೆಯಾಗಿರದಿದ್ದರೆ ತಂದೆಯ ಹೆಸರು ಸೇರಲು ಸಾಮಾನ್ಯವಾಗಿ ಇಬ್ಬರೂ ಜೊತೆಗೆ ಹೋಗಬೇಕಾಗುತ್ತದೆ.

ಗಡುವು ಭಾರತದಲ್ಲಿ 21 ದಿನ, ಇಂಗ್ಲೆಂಡಿನಲ್ಲಿ 42 ದಿನ. ಭಾರತದಲ್ಲಿ 21 ದಿನ ಕಳೆದು 30 ದಿನದೊಳಗಾದರೆ ವಿಳಂಬ ಶುಲ್ಕ ಕಟ್ಟಬೇಕು. ಆ ಬಳಿಕ ಒಂದು ವರ್ಷದವರೆಗೆ ಲಿಖಿತ ಅನುಮತಿ ಬೇಕು. ವರ್ಷವೂ ದಾಟಿದರೆ, 2023ರ ತಿದ್ದುಪಡಿಯ ನಂತರ, ಜಿಲ್ಲಾ ಅಥವಾ ಉಪವಿಭಾಗ ದಂಡಾಧಿಕಾರಿಯ, ಇಲ್ಲವೇ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಯ ಆದೇಶ ತರಬೇಕು. ನಾಮಕರಣ ಆಗಿಲ್ಲವೆಂಬ ಕಾರಣಕ್ಕೆ ಯಾರೂ ಕಾಯಬೇಕಾಗಿಲ್ಲ. ಭಾರತದಲ್ಲಿ ಹೆಸರಿಲ್ಲದೆಯೇ ನೋಂದಾಯಿಸಿ, 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು.

ಹೆಸರಿನ ಅಕ್ಷರಗಳ ಮೇಲೆ ಮಾತ್ರ ಕಣ್ಣಿಡಬೇಕು. ತಾಯಿಯ ಪಾಸ್‌ಪೋರ್ಟಿನಲ್ಲಿ ಲಕ್ಷ್ಮಿ ಎಂಬುದು ಇಂಗ್ಲಿಷಿನ ‘ಎಕ್ಸ್’ ಅಕ್ಷರದಿಂದಿದ್ದು, ಮಗುವಿನ ಪ್ರಮಾಣಪತ್ರದಲ್ಲಿ ‘ಕೆ ಎಸ್ ಎಚ್’ ಎಂದಾದರೆ, ಮುಂದೆ ಪ್ರತಿ ಅರ್ಜಿಯಲ್ಲೂ ಆಕೆ ತಾನೇ ತಾಯಿಯೆಂದು ವಿವರಿಸುತ್ತಿರಬೇಕಾದೀತು. ನೋಂದಣಾಧಿಕಾರಿ ಕರಡು ತೋರಿಸಿದಾಗ ಪಾಸ್‌ಪೋರ್ಟನ್ನು ಪಕ್ಕದಲ್ಲಿಟ್ಟುಕೊಂಡು, ಬಿಡಿಬಿಡಿಯಾಗಿ ಅಕ್ಷರ ಓದಿ, ಇನಿಷಿಯಲ್‌ಗಳು ಯಾವ ರೀತಿ ಬಂದಿವೆ ಎಂದೂ ನೋಡಿ ಒಪ್ಪಿಗೆ ಕೊಡಿ.

ಇಂಗ್ಲೆಂಡಿನ ಪ್ರಮಾಣಪತ್ರ ಸಿಕ್ಕಿದರೆ ಮಗುವಿಗೆ ಅಲ್ಲಿನ ಪೌರತ್ವ ಸಿಕ್ಕಿತು ಎಂದು ಭಾವಿಸಬೇಡಿ. 1983ರಿಂದ ಅಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಬರುವುದಿಲ್ಲ. ಮಗು ಭಾರತೀಯ ಪ್ರಜೆಯಾಗಬೇಕಾದರೆ, ಬೇರೆ ದೇಶದ ಪಾಸ್‌ಪೋರ್ಟ್ ಅದಕ್ಕಿಲ್ಲವೆಂದು ಘೋಷಿಸಿ, ಹುಟ್ಟಿದ ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ಜನನ ನೋಂದಾಯಿಸಬೇಕು. ತಡವಾದರೆ ಕೇಂದ್ರ ಸರ್ಕಾರದ ಅನುಮತಿ ಬೇಕಾಗುತ್ತದೆ.

ಇನ್ನು ಪ್ರಾಣವಿಲ್ಲದೆ ಹುಟ್ಟಿದ ಮಗುವಿನ ವಿಷಯ. ಮನೆಯವರು ಕುಸಿದು ಕುಳಿತಿರುವ ಆ ಹೊತ್ತಿನಲ್ಲಿ ಯಾರೂ ಇದನ್ನು ಬಿಡಿಸಿ ಹೇಳುವುದಿಲ್ಲ, ಹೀಗಾಗಿ ಹತ್ತಿರದ ಬಂಧುವೊಬ್ಬರಾದರೂ ತಿಳಿದಿರಬೇಕು. ಭಾರತದಲ್ಲಿ 28 ವಾರ ತುಂಬಿದ ಗರ್ಭವಾಗಿದ್ದರೆ ಅದು ನಿರ್ಜೀವ ಜನನವೆಂದು ಪ್ರತ್ಯೇಕ ನಮೂನೆಯಲ್ಲಿ ದಾಖಲಾಗಬೇಕು. ಇಂಗ್ಲೆಂಡಿನಲ್ಲೂ ಮೊದಲು ಗಡಿ 28 ವಾರವೇ ಆಗಿತ್ತು. 1992ರ ಕಾನೂನು ಅದನ್ನು 24ಕ್ಕೆ ಇಳಿಸಿತು. ಹೀಗಾಗಿ 25ನೆಯ ವಾರದಲ್ಲಿ ಕಳೆದುಕೊಂಡ ಮಗು ಲಂಡನ್ನಿನ ದಾಖಲೆಯಲ್ಲಿ ಉಳಿಯುತ್ತದೆ, ಬೆಂಗಳೂರಿನಲ್ಲಾದರೆ ಕಾನೂನು ಆ ವರದಿಯನ್ನೇ ಕೇಳುವುದಿಲ್ಲ. ನಮ್ಮ ಗಡಿಯೂ ಇಳಿಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. 24 ವಾರಕ್ಕೂ ಮೊದಲು ಗರ್ಭ ಕಳೆದುಕೊಂಡವರಿಗೆ ಇಂಗ್ಲೆಂಡ್ 2024ರಿಂದ, ಅವರು ಕೇಳಿಕೊಂಡರೆ, ಒಂದು ಪ್ರಮಾಣಪತ್ರ ಕೊಡುತ್ತಿದೆ. ಅದಕ್ಕೆ ಕಾನೂನಿನ ಬೆಲೆಯಿಲ್ಲ.

ಒಂದು ಉಸಿರು, ಎದೆಬಡಿತ, ಹೊಕ್ಕುಳಬಳ್ಳಿಯ ಮಿಡಿತ, ಕೈಕಾಲಿನ ಅಲುಗಾಟ, ಇವುಗಳಲ್ಲಿ ಒಂದೇ ಒಂದು ಕಂಡಿದ್ದರೂ ಅದು ಜೀವಂತ ಜನನ. ಆ ಮಗು ಕೆಲವೇ ನಿಮಿಷ ಬದುಕಿದ್ದರೂ ಎರಡೂ ದೇಶಗಳಲ್ಲಿ ಜನನವನ್ನೂ ಮರಣವನ್ನೂ ಬೇರೆಬೇರೆಯಾಗಿ ನೋಂದಾಯಿಸಬೇಕು. ನಮೂನೆ ತುಂಬುವ ಮುನ್ನವೇ, ಹೆರಿಗೆ ಮಾಡಿಸಿದ ವೈದ್ಯರನ್ನೋ ದಾದಿಯನ್ನೋ ಏನು ಕಂಡಿರಿ ಎಂದು ನೇರವಾಗಿ ಕೇಳಿ.

ಇಂಗ್ಲೆಂಡಿನಲ್ಲಿ ನಿರ್ಜೀವ ಜನನದ ವೈದ್ಯಕೀಯ ಪ್ರಮಾಣಪತ್ರವನ್ನು ಹಿಡಿದು 42 ದಿನದೊಳಗೆ ನೋಂದಣಿ ಕಚೇರಿಗೆ ಹೋಗಬೇಕು. ಮೂರು ತಿಂಗಳು ದಾಟಿದರೆ ಸಾಮಾನ್ಯ ರೀತಿಯಲ್ಲಿ ನೋಂದಣಿ ಆಗದು. ಶವಸಂಸ್ಕಾರಕ್ಕೆ ಬೇಕಾದ ಪತ್ರವೂ ಅಲ್ಲಿಯೇ ಸಿಗುತ್ತದೆ. ಮಗುವಿಗೆ ಹೆಸರಿಡಲು ಬಯಸಿದ್ದರೆ ಆಗಲೇ ಹೇಳಿ. ಆ ಹೆಸರನ್ನೂ ದಾಖಲೆಯಲ್ಲಿ ಬರೆದುಕೊಳ್ಳುತ್ತಾರೆ.