ವರದಿಯಲ್ಲಿ ‘ಕೊರೊನಾ’ ಎಂದಿತ್ತು: ಇಂಗ್ಲೆಂಡಿಗೆ ಬಂದ ಹಿರಿಯರು ಐಸಿಯು ಸೇರಿದರೆ

ಕಳೆದ ಚಳಿಗಾಲ ನಮ್ಮಲ್ಲಿಗೆ ಬಂದಿದ್ದ ಮಾವನವರು ನ್ಯುಮೋನಿಯಾ ಆಗಿ ಐಸಿಯು ಸೇರಿದರು. ಮೂರನೆಯ ದಿನ ಬಂದ ಪಿಸಿಆರ್ ವರದಿಯಲ್ಲಿ ‘ಕೊರೊನಾವೈರಸ್ ಒಸಿ43’ ಎಂದಿತ್ತು. ಅದನ್ನು ಫೋನಿನಲ್ಲಿ ದಾವಣಗೆರೆಗೆ ಓದಿ ಹೇಳಿದ್ದೇ ನನ್ನ ತಪ್ಪು. ಸಂಜೆಯಾಗುವುದರೊಳಗೆ ನೆಂಟರಿಷ್ಟರಲ್ಲೆಲ್ಲ ‘ಮತ್ತೆ ಕೊರೊನಾ ಶುರುವಾಗಿದೆಯಂತೆ’ ಎಂಬ ಗುಲ್ಲು.

ಅದು ಕೋವಿಡ್ ಅಲ್ಲ. 229ಇ, ಒಸಿ43, ಎನ್‌ಎಲ್63, ಎಚ್‌ಕೆಯು1 ಎಂಬ ನಾಲ್ಕು ಕೊರೊನಾವೈರಸ್‌ಗಳು ಚಳಿಗಾಲ ಬಂದಾಗಲೆಲ್ಲ ಮನೆಮನೆಗೂ ನೆಗಡಿ ಹಂಚುತ್ತವೆ. ಮೊದಲೆರಡು 1960ರ ದಶಕದಿಂದಲೇ ವಿಜ್ಞಾನಿಗಳಿಗೆ ಪರಿಚಿತ. ಬಹುತೇಕರಿಗೆ ವಾರದ ಶೀತವಷ್ಟೇ. ಆದರೆ ವಯಸ್ಸಾದವರಿಗೆ, ಶ್ವಾಸಕೋಶ ಅಥವಾ ಹೃದಯದ ಹಳೆಯ ಕಾಯಿಲೆ ಇದ್ದವರಿಗೆ, ಕಿಮೊಥೆರಪಿಯಲ್ಲಿರುವವರಿಗೆ ಅದೇ ಶೀತ ಎದೆಗಿಳಿದು ವೆಂಟಿಲೇಟರ್‌ವರೆಗೂ ಒಯ್ಯಬಲ್ಲದು. ಇವುಗಳಿಗೆಂದೇ ಇರುವ ಔಷಧಿಯಿಲ್ಲ, ಲಸಿಕೆಯೂ ಇಲ್ಲ. ಆಮ್ಲಜನಕ ಕೊಟ್ಟು, ಬ್ಯಾಕ್ಟೀರಿಯಾ ಸೋಂಕೂ ಜೊತೆಗೂಡಿದ್ದರೆ ಆ್ಯಂಟಿಬಯೋಟಿಕ್ ಹಾಕಿ, ದೇಹ ತಾನೇ ಸುಧಾರಿಸಿಕೊಳ್ಳುವವರೆಗೆ ಕಾಯುವುದೇ ಚಿಕಿತ್ಸೆ. ಮನೆಯಲ್ಲಿ ಮಾಡುವ ಕೋವಿಡ್ ಪರೀಕ್ಷೆ ಇವನ್ನು ಹಿಡಿಯುವುದಿಲ್ಲ. ಒಂದೇ ಗೆರೆ ಬಂತೆಂದು ನಾವು ಎರಡು ದಿನ ನಿಶ್ಚಿಂತೆಯಿಂದ ಕುಳಿತಿದ್ದೆವು. ಪೂರ್ತಿ ಒಂದು ವಾಕ್ಯ ಆಡಲಾಗದಷ್ಟು ಏದುಸಿರು ಬಂದರೆ, ತುಟಿ ನೀಲಿಗಟ್ಟಿದರೆ ಆಂಬುಲೆನ್ಸ್‌ಗಾಗಿ 999ಕ್ಕೆ ಕರೆ ಮಾಡಿ. ಅಷ್ಟು ತುರ್ತಿಲ್ಲದಿದ್ದರೆ ಆರೋಗ್ಯ ಸಲಹೆಯ ಸಹಾಯವಾಣಿ 111.

ಯಾವ ಕೊರೊನಾ ಎಂಬ ಪ್ರಶ್ನೆ ಜೇಬಿಗೂ ತಟ್ಟುತ್ತದೆ. ಇಂಗ್ಲೆಂಡಿನ ನಿಯಮದಲ್ಲಿ ಸಾಂಕ್ರಾಮಿಕ ರೋಗಗಳ ಒಂದು ಪಟ್ಟಿಯಿದೆ. ಕ್ಷಯ, ಕೋವಿಡ್‌ನಂಥ ಆ ರೋಗಗಳಿಗೆ ಪ್ರವಾಸಿಗರಿಂದಲೂ ಹಣ ಪಡೆಯುವುದಿಲ್ಲ. ಮೇಲಿನ ನಾಲ್ಕು ವೈರಸ್‌ಗಳು ಪಟ್ಟಿಯಲ್ಲಿಲ್ಲ. ನೀವು ವೀಸಾ ಜೊತೆಗೆ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಶುಲ್ಕ ಕಟ್ಟಿದ್ದರೆ ನಿಮ್ಮ ಚಿಕಿತ್ಸೆಗೆ ಬಿಲ್ ಬರುವುದಿಲ್ಲ. ಪ್ರವಾಸಿ ವೀಸಾದಲ್ಲಿ ಬಂದ ಅಪ್ಪ ಅಮ್ಮನಿಗೆ ಆ ರಕ್ಷಣೆಯಿಲ್ಲ. ಜಿಪಿಯನ್ನು, ಅಂದರೆ ಬಡಾವಣೆಯ ಸಾಮಾನ್ಯ ವೈದ್ಯರನ್ನು ಕಾಣುವುದು, ತುರ್ತು ವಿಭಾಗದಲ್ಲಿ ನೋಡಿಸಿಕೊಳ್ಳುವುದು ಅವರಿಗೂ ಉಚಿತ. ಒಳರೋಗಿಯಾಗಿ ದಾಖಲಾದ ಗಳಿಗೆಯಿಂದ ಮೀಟರ್ ಓಡತೊಡಗುತ್ತದೆ, ಅದೂ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ದರದ ಶೇ 150ರಂತೆ. ಹಣ ಹೊಂದಿಸಿಕೊಂಡು ಬನ್ನಿ ಎಂದು ಜೀವ ಉಳಿಸುವ ಚಿಕಿತ್ಸೆಯನ್ನು ಯಾರೂ ತಡೆಹಿಡಿಯುವುದಿಲ್ಲ. ಬಿಲ್ ಆಮೇಲೆ ಬರುತ್ತದೆ. ಪಾಸ್‌ಪೋರ್ಟ್ ಮತ್ತು ವಿಮೆಯ ವಿವರ ಕೇಳಿಕೊಂಡು ಆಸ್ಪತ್ರೆಯ ಸಿಬ್ಬಂದಿ ಬಂದಾಗ ಏನನ್ನೂ ಮುಚ್ಚಿಡಬೇಡಿ, ಕಂತಿನಲ್ಲಿ ಕಟ್ಟಬಹುದೇ ಎಂದು ಕೇಳಿ. 500 ಪೌಂಡಿಗೂ ಮೇಲ್ಪಟ್ಟ ಬಾಕಿಯ ಸುದ್ದಿ ಗೃಹ ಇಲಾಖೆಗೆ ಮುಟ್ಟಿದರೆ ಅವರ ಮುಂದಿನ ವೀಸಾಕ್ಕೆ ಸಂಚಕಾರ. ಊರಿನಲ್ಲಿ ವಿಮೆ ಮಾಡಿಸುವಾಗ ಬಿಪಿ, ಸಕ್ಕರೆ ಕಾಯಿಲೆಯನ್ನು ಬರೆಸಿಯೇ ಮಾಡಿಸಿ. ನಾಲ್ಕು ಕಾಸು ಉಳಿಸಲು ಅದನ್ನು ಬಿಟ್ಟವರ ಫಜೀತಿಯನ್ನು ಕಂಡಿದ್ದೇನೆ.

ಐಸಿಯು ಒಳಗಿನ ರೀತಿಯೇ ಬೇರೆ. ನಮ್ಮೂರಿನಂತೆ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಓಡುವುದಿಲ್ಲ, ಹತ್ತು ಕಡೆ ಸಹಿ ಹಾಕುವುದಿಲ್ಲ. ರೋಗಿಗೆ ಪ್ರಜ್ಞೆ ಇಲ್ಲದಾಗ ಅವರ ಹಿತ ನೋಡಿ ವೈದ್ಯರೇ ತೀರ್ಮಾನಿಸುತ್ತಾರೆ. 2005ರ ಮಾನಸಿಕ ಸಾಮರ್ಥ್ಯ ಕಾಯ್ದೆ (ಮೆಂಟಲ್ ಕೆಪ್ಯಾಸಿಟಿ ಆ್ಯಕ್ಟ್) ಹಾಗೆ ಹೇಳುತ್ತದೆ. ಚಿಕಿತ್ಸೆಯ ತೀರ್ಮಾನವನ್ನು ಮಗನಿಗೆ ವಹಿಸುವ ಅಧಿಕಾರಪತ್ರವನ್ನು ರೋಗಿ ಮೊದಲೇ ಮಾಡಿಸಿರದಿದ್ದರೆ ಮಗನ ಮಾತೂ ಕೊನೆಯ ಮಾತಲ್ಲ. ಆದರೂ ಅವರು ನಮ್ಮನ್ನು ಕೂರಿಸಿಕೊಂಡು ಕೇಳಿದರು: ‘ಅವರ ದಿನಚರಿ ಹೇಗಿತ್ತು? ಮೆಟ್ಟಿಲು ಹತ್ತುತ್ತಿದ್ದರೇ? ಅವರಿಗೇ ಮಾತು ಬಂದಿದ್ದರೆ ಏನು ಬಯಸುತ್ತಿದ್ದರು?’ ಹೃದಯ ನಿಂತರೆ ಎದೆ ಒತ್ತುವುದು ಬೇಡವೆಂಬ ಪ್ರಸ್ತಾಪವೂ ಇಂಥ ಮಾತಿನಲ್ಲೇ ಬರಬಹುದು. ಕೈಬಿಟ್ಟರೆಂದು ಸಿಟ್ಟಾಗಬೇಡಿ, ಉಳಿದ ಚಿಕಿತ್ಸೆ ನಡೆದೇ ಇರುತ್ತದೆ. ಅತ್ತೆಗೆ ಇದನ್ನೆಲ್ಲ ನಾನೇ ಅನುವಾದಿಸಲು ಹೋಗಿ ಗಂಟಲು ಕಟ್ಟಿತು. ಕನ್ನಡದ ದುಭಾಷಿ ಬೇಕೆಂದು ಕೇಳಿ. ಫೋನಿನಲ್ಲಾದರೂ ಒದಗಿಸುತ್ತಾರೆ, ಅದಕ್ಕೆ ನಿಮ್ಮಿಂದ ದುಡ್ಡು ಕೇಳುವುದಿಲ್ಲ.

ಹಿರಿಯರು ದಿನವೂ ನುಂಗುವ ಮಾತ್ರೆಗಳ ಪಟ್ಟಿಯೊಂದು ಕೈಯಲ್ಲಿರಲಿ. ಅದರಲ್ಲಿ ಕಂಪನಿಯ ಹೆಸರಿನ ಜೊತೆಗೆ ಔಷಧಿಯ ಮೂಲ ಹೆಸರೂ ಇರಲಿ. ಡೋಲೋ 650 ಎಂದರೆ ಇಲ್ಲಿನ ನರ್ಸ್ ಮುಖ ನೋಡುತ್ತಾರೆ, ಪ್ಯಾರಸಿಟಮಾಲ್ ಎಂದರೆ ತಲೆಯಾಡಿಸುತ್ತಾರೆ.

ಎಷ್ಟೋ ಐಸಿಯುಗಳಲ್ಲಿ ಹಾಸಿಗೆಯ ಬಳಿ ಒಂದು ನೋಟ್‌ಬುಕ್ ಇಡುತ್ತಾರೆ. ಪ್ರಜ್ಞೆಯಿಲ್ಲದ ದಿನಗಳಲ್ಲಿ ಏನೇನಾಯಿತೆಂದು ನರ್ಸ್‌ಗಳು ಅದರಲ್ಲಿ ಬರೆಯುತ್ತಾರೆ, ಮನೆಯವರೂ ಬರೆಯಬಹುದು. ಅತ್ತೆ ಕನ್ನಡದಲ್ಲೇ ಬರೆದರು. ಎಚ್ಚರವಾದ ಮಾವನವರು ಮೊದಲು ಕೇಳಿದ್ದು ಬಿಲ್ ಎಷ್ಟಾಯಿತೆಂದು. ನಾನು ಆ ಪುಸ್ತಕವನ್ನು ಅವರ ಕೈಗಿಟ್ಟೆ.