21 ಎಲೆಯ ಇಸ್ಪೀಟ್ ಟ್ರಿಕ್: ಕೈಚಳಕ ಬೇಡ, ಲೆಕ್ಕ ಸಾಕು

ಇಸ್ಪೀಟಿನ 21 ಎಲೆ ತೆಗೆದುಕೊಳ್ಳಿ. ಎದುರಿಗಿರುವವರು ಒಂದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಲಿ. ಮೂರು ಸಾಲಿಗೆ ಸರದಿಯಂತೆ ಒಂದೊಂದೇ ಎಲೆ, ಮುಖ ಮೇಲಾಗಿ ಹಾಕುತ್ತಾ ಹೋಗಿ. ಒಂದೇ ಸಾಲಿಗೆ ಏಳನ್ನೂ ಒಟ್ಟಿಗೆ ಹಾಕಿದರೆ ಟ್ರಿಕ್ ಕೆಟ್ಟಿತು. ನಾನೂ ಮೊದಲು ಹಾಗೇ ಪೇಚಿಗೆ ಸಿಕ್ಕಿದ್ದೆ! ಅವರ ಎಲೆ ಯಾವ ಸಾಲಿನಲ್ಲಿದೆ ಎಂದಷ್ಟೇ ಕೇಳಿ. ಆ ಸಾಲನ್ನು ಉಳಿದೆರಡರ ನಡುವೆ ಇಟ್ಟು, ಕಲಸದೆ ಒಟ್ಟು ಮಾಡಿ. ಹೀಗೆ ಮೂರು ಸಲ. ಮೇಲಿಂದ ಎಣಿಸಿ, ಕೆಳಗಿಂದ ಎಣಿಸಿ, 11ನೆಯದೇ ಅವರ ಎಲೆ.

ಯಾಕೆ ಗೊತ್ತಾ? ಮೊದಲ ಸಲಕ್ಕೆ ಅದು 8ರಿಂದ 14ರೊಳಗೆ ಬಂದಿರುತ್ತದೆ, ಎರಡನೇ ಸಲಕ್ಕೆ 10ರಿಂದ 12ರೊಳಗೆ. ಆಮೇಲೆ ಉಳಿಯುವುದು ನಟ್ಟನಡುವಿನ ಜಾಗ ಒಂದೇ. ಗುಟ್ಟು ಮಾತ್ರ ತಕ್ಷಣ ಹೇಳಬೇಡಿ, ಸ್ವಲ್ಪ ತಲೆ ಕೆರೆದುಕೊಳ್ಳಲಿ!